ರೊಟ್ಟಿ ಗಾಡಿಯ ಹೊಗೆ ಪೈಪು

ಕುದಿಯುವ ಇಂಜಿನ್ನಿನ ಮೇಲೆ ತಣ್ಣೀರು ಸುರಿದವನು ನಾನೇ. ಅದೂ ಒಂದಲ್ಲ, ಎರಡು ಬಕೆಟ್. ಅಮಾವಾಸ್ಯೆಯ ದಿನ ಗಾಡಿ ತೊಳೆದು ಪೂಜೆ ಮಾಡದೆ ಹುನಗುಂದದ ನಮ್ಮ ಓಣಿಯಲ್ಲಿ ಯಾರೂ ಸುಮ್ಮನೆ ಕೂರುವುದಿಲ್ಲ. ನಾನು ಆಗಷ್ಟೇ ಬಾದಾಮಿಯಿಂದ ಟೆಂಪೋ ತಂದು ನಿಲ್ಲಿಸಿದ್ದೆ. ಅಡುಗೆಮನೆಯಿಂದ ಹೋಳಿಗೆಯ ವಾಸನೆ ಬರುತ್ತಿತ್ತು. ಪೂಜೆ ಮುಗಿಯದೆ ಹೋಳಿಗೆ ಸಿಗುವಂತಿರಲಿಲ್ಲ. ಸೀಟು ಎತ್ತಿ, ಅದರಡಿಯ ಇಂಜಿನ್ನಿಗೆ ನೇರವಾಗಿ ಅಭಿಷೇಕ ಮಾಡಿದೆ. ಹಬೆ ಎದ್ದಿತು. ಒಳಗೆಲ್ಲೋ ‘ಟಣ್’ ಎಂದಿತು. ದೇವರಿಗೆ ಮುಟ್ಟಿತು ಅಂದುಕೊಂಡು ಎರಡನೇ ಬಕೆಟ್ಟನ್ನೂ ಖಾಲಿ ಮಾಡಿದೆ.

ಹಾಗೆ ‘ಟಣ್’ ಎಂದು ಸೀಳಿದ್ದು ಇಂಜಿನ್ನಿನ ಹೊಗೆಯನ್ನು ಸೈಲೆನ್ಸರಿಗೆ ಸಾಗಿಸುವ ಬೀಡಿನ, ಅಂದರೆ ಎರಕದ ಕಬ್ಬಿಣದ, ಪೈಪು. ಗ್ಯಾರೇಜಿನವರ ಬಾಯಲ್ಲಿ ಅದು ಮೆನಿಫೋಲ್ಡ್. ಮರುದಿನದಿಂದ ಹೊಗೆ ಸೈಲೆನ್ಸರಿನ ದಾರಿ ಬಿಟ್ಟು ಗಾಡಿಯ ತುಂಬ ಓಡಾಡತೊಡಗಿತು. ನನಗೆ ಕೆಮ್ಮು ಬಂದರೆ ಕೇಳುವವರಿಲ್ಲ. ಆದರೆ ಹಿಂದೆ ಇರುತ್ತಿದ್ದದ್ದು ರೊಟ್ಟಿ. ಅಣ್ಣನ ಹೆಂಡತಿ, ಅಂದರೆ ನಮ್ಮ ಅತ್ತಿಗೆ, ಓಣಿಯ ಇಬ್ಬರು ಹೆಂಗಸರನ್ನು ಕಟ್ಟಿಕೊಂಡು ನಸುಕಿಗೇ ಒಲೆ ಮುಂದೆ ಕೂತು ಖಡಕ್ ರೊಟ್ಟಿ ಬಡಿಯುತ್ತಾರೆ. ಅವನ್ನು ಬಾದಾಮಿಯ ಖಾನಾವಳಿಯೊಂದಕ್ಕೆ ಮುಟ್ಟಿಸುವುದು ನನ್ನ ಕೆಲಸ. ಅವರಿಗೆ ಇರುವುದು ಅದೊಂದೇ ಗಿರಾಕಿ.

ಖಾನಾವಳಿಯ ಮಾಲಕ ಒಂದು ರೊಟ್ಟಿಯನ್ನು ಮೂಗಿಗೆ ಹಿಡಿದು ನನ್ನ ಮುಖ ನೋಡಿದ.

“ಏನೋ ತಮ್ಮಾ, ರೊಟ್ಟಿ ಡೀಸೆಲ್‌ನ್ಯಾಗ ಬೇಸೀರೇನು?”

“ಇಲ್ರೀ ಯಜಮಾನ್ರ, ಗಾಡಿ ಸ್ವಲ್ಪ…”

“ಗಾಡಿ ಸುದ್ದಿ ನನಗ ಬ್ಯಾಡ. ಸೋಮವಾರತನಾ ನೋಡ್ತೇನಿ. ಆಮ್ಯಾಲೂ ಹಿಂಗ ವಾಸನಿ ಬಂದ್ರ ಬ್ಯಾರೆ ಕಡೆ ರೊಟ್ಟಿ ಹೇಳ್ತೇನಿ.”

ರೊಟ್ಟಿ ವಾಪಸ್ ತಂದೆ. ಅತ್ತಿಗೆ ಒಂದನ್ನು ಮೂಸಿ ನೋಡಿ, ಗಂಟನ್ನು ಹಾಗೇ ಮೂಲೆಗೆ ಸರಿಸಿದರು. ಬೈದಿದ್ದರೆ ಒಳ್ಳೆಯದಿತ್ತು.

ಅಲ್ಲಿಂದ ನನ್ನ ಪೈಪು ಯಾತ್ರೆ ಶುರುವಾಯಿತು. ಮೊದಲು ಇಳಕಲ್. ಅಲ್ಲಿ ಕಲ್ಲಿನ ಲಾರಿಗಳು ಬಹಳ, ಹಾಗಾಗಿ ಗುಜರಿಯೂ ಬಹಳ. ಬಿಸಿಲಲ್ಲಿ ಕಬ್ಬಿಣದ ಗುಡ್ಡೆ ಕೆದರಿ ಕೆದರಿ ಸೊಂಟ ಬಿದ್ದುಹೋಯಿತು. ನಮ್ಮ ಗಾಡಿಗೆ ಆಗುವಂಥವು ಎರಡು ಸಿಕ್ಕವು. ಒಂದು ತುಕ್ಕು ಹಿಡಿದದ್ದು, ಇನ್ನೊಂದು ಬೆಳ್ಳಿ ಬಣ್ಣ ಹೊಡೆದು ಮದುಮಗನಂತೆ ನಿಂತದ್ದು. ನಾನು ಮದುಮಗನನ್ನೇ ಆರಿಸಿದೆ. ಊರಿಗೆ ತಂದ ಮೇಲೆ ನಮ್ಮ ಗ್ಯಾರೇಜಿನ ಮೇಸ್ತ್ರಿ ಉಗುರಿನಿಂದ ಬಣ್ಣ ಕೆರೆದು ನಕ್ಕ.

“ಲೇ, ಇದರ ಮೈತುಂಬ ವೆಲ್ಡಿಂಗ್ ಐತಿ. ನಿನ್ನ ಪೈಪಿಗೆ ಒಂದ ಸೀಳು ಇತ್ತು, ಇದಕ್ಕ ಎಣಿಸಾಕ ಆಗವಲ್ದು!”

ಆದರೂ ಹಾಕಿಸಿ ನೋಡಿದೆವು. ಹೊಗೆ ಹೊಸ ಹೊಸ ಕಿಂಡಿಗಳಿಂದ ಬಂತು.

ಆಮೇಲೆ ಬಾಗಲಕೋಟೆ. ಫೋನಿನಲ್ಲಿ ವಿಡಿಯೋ ನೋಡಿ ನೋಡಿ ನನ್ನ ತಲೆಯೂ ಅಷ್ಟರಲ್ಲಿ ಸೀಳಿತ್ತು. ಅಂಗಡಿಯವನು ಹೊಳೆಯುವ ಸ್ಟೀಲಿನ ಪೈಪು ತೋರಿಸಿದ. ಡೊಂಕು ಡೊಂಕಾಗಿ ಬಾಗಿ ಕೊನೆಯಲ್ಲಿ ಒಂದಾಗುವ ಅದರ ಚೆಲುವಿಗೆ ನಾನು ಬಾಯಿ ತೆರೆದು ನಿಂತೆ.

“ಇದನ್ನ ಹಾಕ್ರಿ, ಗಾಡಿ ಹಾರತೈತಿ,” ಎಂದ.

ರೊಟ್ಟಿ ಸಾಗಿಸುವ ಗಾಡಿ ಯಾಕೆ ಹಾರಬೇಕು ಎಂದು ಕೇಳುವಷ್ಟು ಬುದ್ಧಿ ಆ ಹೊತ್ತಿಗೆ ನನ್ನಲ್ಲಿ ಉಳಿದಿರಲಿಲ್ಲ. ಅಲ್ಲೇ ಹಾಕಿಸಿದೆ. ಅದರ ಅಬ್ಬರಕ್ಕೆ ಹುನಗುಂದದವರೆಗೆ ನಾಯಿಗಳು ಪಾಳಿ ಹಚ್ಚಿ ನನ್ನನ್ನು ಬೀಳ್ಕೊಟ್ಟವು. ಹೊಗೆಯೇನೋ ನಿಂತಿತ್ತು. ಆದರೆ ಗಾಡಿ ಜ್ವರ ಬಂದವರಂತೆ ಗಡಗಡ ನಡುಗುತ್ತಿತ್ತು. ಪರೀಕ್ಷೆಗೆಂದು ಒಂದು ಗಂಟು ರೊಟ್ಟಿ ಇಟ್ಟುಕೊಂಡು ಊರ ಹೊರಗೆ ಒಂದು ಸುತ್ತು ಹೊಡೆದು ಬಂದೆ. ಅತ್ತಿಗೆ ಗಂಟು ಬಿಚ್ಚಿದರು. ಒಳಗೆ ಒಂದೂ ಇಡೀ ರೊಟ್ಟಿ ಇರಲಿಲ್ಲ.

“ಚುರುಮುರಿ ಮಾಡ್ಕೊಂಡ ಬಂದಿಯಲ್ಲೋ,” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ನಾನು ಕಟ್ಟೆಯ ಮೇಲೆ ಕುಸಿದು ಕೂತೆ.

ಮರುದಿನ ಮೇಸ್ತ್ರಿಗೆ ಕೈ ಮುಗಿದೆ. ಅವನು ಹೇಳಿಕಳಿಸಿ ತರಿಸಿದ್ದು ಹಳೆಯದರಂಥದೇ ಹೊಸ ಬೀಡಿನ ಪೈಪು: ಕಪ್ಪು, ದಪ್ಪ, ಯಾವ ವಿಡಿಯೋದಲ್ಲೂ ಕಾಣಿಸಿಕೊಳ್ಳುವ ಯೋಗ್ಯತೆ ಇಲ್ಲದ್ದು. ಅಂಥದು ಮೊದಲಿನಿಂದಲೂ ಸಿಗುತ್ತಿತ್ತು. ನನಗೇ ಅದರ ಮೇಲೆ ಮನಸ್ಸಿರಲಿಲ್ಲ. ಈ ಸಲ ಅತ್ತಿಗೆ ತಾವೇ ಗ್ಯಾರೇಜಿಗೆ ಬಂದರು. ಗಾಡಿ ಚಾಲೂ ಮಾಡಿಸಿ, ರೊಟ್ಟಿಯ ಗಂಟನ್ನು ಹಿಂದೆ ಇಟ್ಟು, ಸೆರಗು ಬಿಗಿದು ಕಾದು ನಿಂತರು. ಮೇಸ್ತ್ರಿ ಚಹಾ ತರಿಸಿದ, ಅವರು ಮುಟ್ಟಲಿಲ್ಲ. ಕೊನೆಗೆ ಒಂದು ರೊಟ್ಟಿ ತೆಗೆದು ಮೂಸಿ, ತುಂಡು ಮುರಿದು ಬಾಯಿಗೆ ಹಾಕಿಕೊಂಡರು. ಇನ್ನೊಂದು ತುಂಡು ನನ್ನ ಕೈಗೆ ಬಂತು.

“ಹೇಳು.”

“ಬರೇ ಜ್ವಾಳ, ಅತ್ತಿಗಿ.”

ಸೋಮವಾರ ಬಾದಾಮಿಯಲ್ಲಿ ಮಾಲಕ ಮೂಸಿದ, ಮುರಿದ, ಗಂಟನ್ನು ಒಳಗೆ ಕಳಿಸಿದ. ಮನೆಗೆ ಬಂದು ಸುದ್ದಿ ಹೇಳಿದಾಗ ಅತ್ತಿಗೆ ರೊಟ್ಟಿ ಬೇಯಿಸುತ್ತಿದ್ದರು. ನನ್ನ ಕಡೆ ತಿರುಗದೆಯೇ ಹೇಳಿದರು:

“ಬರೋ ಅಮಾಸಿಗೆ ಗಾಡಿ ನಾ ತೊಳೀತೇನಿ. ನೀ ಇಲ್ಲಿ ಕುಂತು ರೊಟ್ಟಿ ಬೇಸು. ಈ ಹಂಚೂ ಬೀಡಿಂದ ಐತಿ ನೋಡಪಾ. ಕಾದಾಗ ಇದರ ಮ್ಯಾಲ ನಾ ಒಂದ ದಿವಸರೆ ಕೊಡಪಾನ ಸುರುವೇನೇನು?”