ಮೇಷ್ಟ್ರ ಕೊಳಲು, ನನ್ನ ಕೀಬೋರ್ಡು

ಕೀಬೋರ್ಡ್ ನುಡಿಸುವವರು ನಾಲ್ಕು ಜನ ಸೇರಿದರೆ ಒಂದೇ ಜಗಳ: ಪೆಟ್ಟಿಗೆಯೊಳಗೆ ಸದ್ದು ಹುಟ್ಟಿಸುವ ಎಂಜಿನ್ ಯಾವುದಿರಬೇಕು? ಒಬ್ಬನಿಗೆ ಎಫ್‌ಎಂ ಬೇಕು, ರೇಡಿಯೋದ್ದಲ್ಲ; ಗಂಟೆಯ ನಾದ ಅದರಲ್ಲೇ ಚೆಂದ ಬರುತ್ತದಂತೆ. ಇನ್ನೊಬ್ಬನಿಗೆ ಹಳೇ ಅನಲಾಗ್ ತರಹದ್ದು ಬೇಕು, ಗುಂಡಿ ತಿರುಗಿಸಿ ತಾನೇ ಸದ್ದು ಕಟ್ಟಬೇಕಂತೆ. ಕಟ್ಟಲಿ ಪಾಪ. ನನಗೆ ಬೇಕಾಗಿದ್ದು ಸ್ಯಾಂಪ್ಲರ್. ಯಾವುದೇ ವಾದ್ಯದ ಒಂದೊಂದು ಸ್ವರವನ್ನು ಮೈಕಿನಲ್ಲಿ ಹಿಡಿದು ಪೆಟ್ಟಿಗೆಗೆ ತುಂಬಿಕೊಂಡರೆ ಆಮೇಲೆ ಅದನ್ನು ಬೆರಳಿನಲ್ಲೇ ನುಡಿಸಬಹುದು.

ಎರಡು ಸಾವಿರದ ಇಸವಿಯ ಆಚೀಚಿನ ಮಾತು. ಕೊಪ್ಪದ ನಮ್ಮ ಆರ್ಕೆಸ್ಟ್ರಾದ ಯಜಮಾನರು ಹಾಡುಗಾರರೂ ಹೌದು, ಶಾಮಿಯಾನ ಬಾಡಿಗೆಗೆ ಕೊಡುವವರೂ ಹೌದು. ನಾನು ಎಂಜಿನ್ ಪುರಾಣ ಬಿಚ್ಚಿದರೆ "ಎಂತದು ಮಾರಾಯ, ಡೀಸೆಲ್ಲಾ ಪೆಟ್ರೋಲಾ?" ಎಂದು ನಕ್ಕರು. ಆದರೆ ಒಂದು ಮಾತು ಅವರಿಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಕಡೆಯ ಜನ ಕೊಳಲಿಗೆ ಕರಗುತ್ತಾರೆ. ಕೀಬೋರ್ಡಿನ ಜೊತೆಗೇ ಬರುವ ಕೊಳಲಿನ ಸದ್ದು ಪರದೇಶದ್ದು, ತೊಳೆದಿಟ್ಟ ಲೋಟದಷ್ಟು ಚೊಕ್ಕ, ಉಸಿರೇ ಇಲ್ಲ. ಅದಕ್ಕೇ ಯಜಮಾನರು ಸೆಕೆಂಡ್ ಹ್ಯಾಂಡ್ ಸ್ಯಾಂಪ್ಲರ್ ತರಿಸಿದರು.

ಉಸಿರು ಇದ್ದದ್ದು ನಮ್ಮ ಕೊಳಲಿನ ಮೇಷ್ಟ್ರಲ್ಲಿ. ಶೃಂಗೇರಿಯ ಒಂದು ಲಾಡ್ಜಿನಲ್ಲಿ ಯಾತ್ರಿಕರಿಗೆ ರೂಮಿನ ಕೀ ಕೊಡುವ ಕೆಲಸ ಅವರದ್ದು. ವಯಸ್ಸು ಐವತ್ತು ದಾಟಿತ್ತು. ಸಂಸಾರವಿರಲಿಲ್ಲ. ಇಡೀ ವಾರ ಕೌಂಟರಿನಲ್ಲಿ ಯಾರ್ಯಾರ ಮಾತನ್ನೋ ನುಂಗಿಕೊಂಡು ಕೂರುವ ಮನುಷ್ಯ ವೇದಿಕೆ ಹತ್ತಿದರೆ ಬೇರೆಯೇ ಆಗುತ್ತಿದ್ದರು. "ನಂಗೆ ಇದೊಂದೇ ಇರೋದು ಕಣೋ" ಎಂದು ನನಗೇ ಎಷ್ಟೋ ಸಲ ಹೇಳಿದ್ದರು.

ಅವರ ಲಾಡ್ಜಿನಲ್ಲೇ ಒಂದು ಖಾಲಿ ರೂಮು ಹಿಡಿದು ರೆಕಾರ್ಡ್ ಮಾಡಿದೆವು. ಒಂದು ಸ್ವರವನ್ನು ನೆಟ್ಟಗೆ ಹಿಡಿಯಿರಿ ಎಂದರೆ ಅವರಿಗೆ ಆಗುತ್ತಲೇ ಇರಲಿಲ್ಲ. ಕೊನೆಯಲ್ಲಿ ಒಂದು ಗಮಕ ಹಾಕಿಯೇ ಬಿಡುವವರು. ನಾನು ರೇಗಿದೆ. "ಮೇಷ್ಟ್ರೇ, ಅಲ್ಲಾಡಿಸಬೇಡಿ ಅಂದೆನಲ್ಲ!"

"ಅಲ್ಲಾಡದೇ ಇದ್ರೆ ಅದು ಹೆಣ ಅಲ್ದನಾ?" ಎಂದು ನಕ್ಕು, ಮತ್ತೆ ಊದಿದರು. ಕೊನೆಗೆ ಕೇಳಿದರು: "ಇದೆಲ್ಲ ಎಂತಕ್ಕೆ?"

"ನೀವು ಬಾರದ ದಿನ ಪ್ರಾಕ್ಟೀಸಿಗೆ" ಎಂದೆ. ಸುಳ್ಳು. ನಾಲಿಗೆ ಒಂಚೂರೂ ತಡವರಿಸಲಿಲ್ಲ.

ಮುಂದಿನ ಕಾರ್ಯಕ್ರಮಕ್ಕೇ ಅವರನ್ನು ಬಿಟ್ಟೆವು. ಜೀಪಿನಲ್ಲಿ ಒಂದು ಸೀಟು ಉಳಿಯಿತು, ಯಜಮಾನರಿಗೆ ಅಷ್ಟೇ ಸಾಕಾಗಿತ್ತು. ಮೇಷ್ಟ್ರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ, ಹಾಗಾಗಿ ಹೇಳಲೇ ಇಲ್ಲ. ಎಂದಿನಂತೆ ಅವರು ಶೃಂಗೇರಿ ಬಸ್‌ಸ್ಟ್ಯಾಂಡಿನ ಎದುರು ಕೊಳಲಿನ ಚೀಲ ಹಿಡಿದು, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ನಿಂತಿದ್ದರು. ಜೀಪು ನಿಲ್ಲಲಿಲ್ಲ. ಕೈ ಎತ್ತಿದರು. ನಾನು ಮುಂದಿನ ಸೀಟಿನಲ್ಲಿದ್ದೆ, ಕಣ್ಣಿಗೆ ಕಣ್ಣು ಸಿಕ್ಕಿತು. "ಹೋಗಲಿ ಬಿಡು, ಒಂದ್ಸಲ ಗೊತ್ತಾದ್ರೆ ಆಯ್ತಲ್ಲ" ಎಂದರು ಯಜಮಾನರು. ನಾನೂ ಹೂಂ ಎಂದೆ.

ಮಳೆಗಾಲ ಬಂತು. ನಮ್ಮೂರಲ್ಲಿ ಆ ಮೂರು ತಿಂಗಳು ಚಪ್ಪಲಿಗೂ ಬೂಷ್ಟು, ದೇವರ ಪಟಕ್ಕೂ ಬೂಷ್ಟು. ನನ್ನ ಪೆಟ್ಟಿಗೆ ಸ್ವಿಚ್ ಆಫ್ ಮಾಡಿದರೆ ತುಂಬಿಕೊಂಡ ಸದ್ದನ್ನೆಲ್ಲ ಮರೆಯುವಂಥದ್ದು. ಮೇಷ್ಟ್ರ ಸ್ವರಗಳೆಲ್ಲ ಇದ್ದದ್ದು ಮೂರು ಫ್ಲಾಪಿಗಳಲ್ಲಿ. ಬೂಷ್ಟು ಹಿಡಿಯಬಾರದೆಂದು ಅವನ್ನು ಬಚ್ಚಲೊಲೆಯ ಮೇಲಿನ ಹಲಗೆಯಲ್ಲಿ, ಸೌತೆ ಬೀಜದ ಪೊಟ್ಟಣದ ಪಕ್ಕ ಬೆಚ್ಚಗೆ ಇಟ್ಟೆ. ಬೀಜ ಉಳಿಯುವ ಜಾಗದಲ್ಲಿ ಫ್ಲಾಪಿಯೂ ಉಳಿದೀತು ಎನ್ನುವ ಬುದ್ಧಿವಂತ ನಾನು. ಚೌತಿ ಹತ್ತಿರ ಬಂದಾಗ ತೆಗೆದು ನೋಡಿದರೆ ಮೂರೂ ಸೊಟ್ಟಗಾಗಿ, ಮಸಿ ಹಿಡಿದು ಕೂತಿದ್ದವು. ಪೆಟ್ಟಿಗೆ ಒಂದನ್ನೂ ಓದಲಿಲ್ಲ.

ನರಸಿಂಹರಾಜಪುರದಲ್ಲಿ ಗಣಪತಿ ಬಿಡುವ ದಿನ ಮಧ್ಯಾಹ್ನದ ಕಾರ್ಯಕ್ರಮ ಒಪ್ಪಿಕೊಂಡಾಗಿತ್ತು. ಯಜಮಾನರು ನನ್ನ ಮರ್ಯಾದೆ ತೆಗೆದರು. "ಬೆಂದ ಫ್ಲಾಪಿ ನೆಂಚ್ಕೊಂಡು ಉಣ್ಣು! ಹೋಗು, ಮೇಷ್ಟ್ರ ಕಾಲು ಹಿಡಿ."

ಹೋದೆ. ಮೇಷ್ಟ್ರು ಕೌಂಟರಿನಲ್ಲೇ ಇದ್ದರು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. "ಕಾಪಿ ಕುಡ್ದ್ಯಾ?" ಎಂದರು. ವಿಷಯ ಹೇಳಿದೆ. ಕೀಗಳನ್ನು ಒಂದೊಂದಾಗಿ ಮೊಳೆಗೆ ಸಿಕ್ಕಿಸಿದರು.

"ಊದಿ ಕೊಡ್ತೆ. ಆದ್ರೆ ಆವತ್ತು ನಾನೂ ಸ್ಟೇಜಿನ ಮೇಲೆ ಕೂರ್ತೆ."

ಒಪ್ಪಿಕೊಂಡೆ. ಈ ಸಲ ಅವರು ಒಂದೂ ಗಮಕ ಹಾಕಲಿಲ್ಲ. ಹೇಳಿದಷ್ಟು ಹೊತ್ತು, ಹೇಳಿದ ಹಾಗೆ ನೆಟ್ಟಗೆ ಊದಿ ಕೊಟ್ಟರು.

ಎನ್. ಆರ್. ಪುರಕ್ಕೆ ಅವರು ಹೊಸ ಜುಬ್ಬಾ ತೊಟ್ಟು ಬಂದರು. ಅವರು ವೇದಿಕೆ ಹತ್ತುವ ಮೊದಲೇ ಯಜಮಾನರು ನನ್ನ ಕಿವಿಯಲ್ಲಿ "ಬಿಟ್ಟು ಎಷ್ಟು ದಿನ ಆಯ್ತೋ, ಉಸಿರು ತಪ್ಪಿದ್ರೆ ನಮ್ಮ ಮಾನ ಹೋಗ್ತದೆ" ಎಂದರು. ಮಿಕ್ಸರ್ ನನ್ನ ಕೈಯಳತೆಯಲ್ಲಿತ್ತು. ಮೇಷ್ಟ್ರ ಮೈಕಿನ ಸದ್ದನ್ನು ಪೂರ್ತಿ ಇಳಿಸಿದೆ. ಯಾರೂ ನನ್ನ ಕೈ ಹಿಡಿದು ಮಾಡಿಸಲಿಲ್ಲ, ನಾನೇ ಇಳಿಸಿದ್ದು.

ಅವರು ಕಣ್ಣು ಮುಚ್ಚಿ ಊದಿದರು. ನಾನು ಅವರ ಬೆರಳು ನೋಡಿಕೊಂಡು ಅವರದೇ ಸದ್ದನ್ನು ನುಡಿಸಿದೆ. ಅವರು ಎಳೆದಲ್ಲಿ ಎಳೆದೆ, ತಲೆ ತೂಗಿದಲ್ಲಿ ಕೀಬೋರ್ಡಿನ ಪಕ್ಕದ, ಸ್ವರ ಬಾಗಿಸುವ ಚಕ್ರ ತಿರುಗಿಸಿ ಗಮಕ ಹಾಕಿದೆ. ಜೀವನದಲ್ಲಿ ಅಷ್ಟು ಚೆನ್ನಾಗಿ ನಾನು ಯಾವತ್ತೂ ನುಡಿಸಿದವನಲ್ಲ. ಜನ ಒನ್ಸ್ ಮೋರ್ ಎಂದು ಕೂಗಿದರು. ಕೊನೆಗೆ ಗಣಪತಿ ಸಮಿತಿಯ ಹಿರಿಯರೊಬ್ಬರು ವೇದಿಕೆಗೆ ಬಂದು, ನನ್ನ ಮುಂದೆಯೇ ಹಾದು ಹೋಗಿ, ಮೇಷ್ಟ್ರ ಹೆಗಲಿಗೆ ಶಾಲು ಹೊದೆಸಿದರು.

ನನಗೆ ಹೊಟ್ಟೆ ಉರಿಯಿತು. ಉರಿಯದೇ ಇರುತ್ತದೆಯೇ? ಬೆವರು ಸುರಿಸಿದ್ದು ನಾನು.

ಸಾಮಾನು ಕಟ್ಟಿ ಹೋಟೆಲಿನಲ್ಲಿ ಚಾ ಕುಡಿಯಲು ಕೂತೆವು. ಮೇಷ್ಟ್ರು ಶಾಲು ತೆಗೆದೇ ಇರಲಿಲ್ಲ. ಕಣ್ಣು ಒದ್ದೆಯಾಗಿತ್ತು. "ಇಷ್ಟು ದಿನ ಬಿಟ್ರೂ ಉಸಿರು ಹೋಗ್ಲಿಲ್ಲ, ನೋಡಿದ್ಯನಾ? ಇನ್ನು ಸಾಯೋವರೆಗೆ ಬಿಡದಿಲ್ಲ. ಮುಂದಿನ ಕಾರ್ಯಕ್ರಮ ಎಲ್ಲಿ?"

ಯಜಮಾನರು ಚಾ ಲೋಟದೊಳಗೆ ನೋಡುತ್ತಿದ್ದರು. ಒಂದು ನಗು ನಕ್ಕು ಸುಮ್ಮನಿರಬಹುದಿತ್ತು ನಾನು. ಇರಲಿಲ್ಲ.

"ಮೇಷ್ಟ್ರೇ, ನಿಮ್ಮ ಮೈಕು ಆಫ್ ಇತ್ತು. ಜನ ಕೇಳಿದ್ದು ನನ್ನ ಕೀಬೋರ್ಡು."

ಅವರು ಮೊದಲು ನಕ್ಕರು, ತಮಾಷೆ ಎಂದುಕೊಂಡು. ಆಮೇಲೆ ಯಜಮಾನರ ಮುಖ ನೋಡಿದರು.

"ಅಷ್ಟೂ ಹಾಡಿಗಾ?"

"ಅಷ್ಟೂ."

ಶಾಲು ತೆಗೆದು, ಲಾಡ್ಜಿನ ಹೊದಿಕೆ ಮಡಚುವ ಅಭ್ಯಾಸದಲ್ಲಿ ಅಂಚಿಗೆ ಅಂಚು ಕೂಡಿಸಿ ಮಡಚಿದರು. ನನ್ನ ತೊಡೆಯ ಮೇಲಿಟ್ಟರು. "ಹಂಗಾದ್ರೆ ಇದು ನಿಂದು ಮಾರಾಯ" ಎಂದು ಎದ್ದು, ಜೀಪಿಗೆ ಕಾಯದೆ ಬಸ್‌ಸ್ಟ್ಯಾಂಡಿನ ಕಡೆ ನಡೆದರು.

ಬೇಡ ಎನ್ನಲು ಸಮಯವಿತ್ತು. ನಾನು ಅದನ್ನು ಮನೆಗೆ ತಂದೆ.