ಬುಧರಾಮ ಕೊಟ್ಟ ಬನ್ನಿ

ನಮ್ಮ ಓಣಿಯಲ್ಲಿ ಇನ್ನೂ ಕೈಮಗ್ಗಗಳೇ ಹೆಚ್ಚಿದ್ದ ದಿನಗಳವು. ಇಳಕಲ್ಲಿನಲ್ಲಿ ನಮಗೆ ಬೆಳಗಾಗುತ್ತಿದ್ದುದೇ ಲಾಳಿಯ ಸಪ್ಪಳದಿಂದ. ನೂಲಿಗೆ ಗಂಜಿ ಹಾಕುವ ದಿನ ಓಣಿ ತುಂಬ ಹುಳಿ ವಾಸನೆ. ಸಂಜೆಯಾದರೆ ಕಲ್ಲಿನ ಕ್ವಾರಿಯಿಂದ ಕೂಲಿಯವರು ಮೈತುಂಬ ಕೆಂಪು ಧೂಳು ಹೊತ್ತು ಬರುತ್ತಿದ್ದರು.

ಆ ಕೂಲಿಯವರಲ್ಲಿ ಬುಧರಾಮ ಒಬ್ಬ. ಛತ್ತೀಸಗಡದ ಕಾಡಿನ ಹಳ್ಳಿಯೊಂದರಿಂದ ಹೆಂಡತಿ ಸುಕ್ಮತಿ ಮತ್ತು ಮಗಳು ಮಂಗಲಿಯೊಡನೆ ಬಂದು ಓಣಿಯ ಕೊನೆಯ ಪತ್ರಾಸಿನ ಶೆಡ್ಡಿನಲ್ಲಿ ಬಾಡಿಗೆಗಿದ್ದ. ಮಂಗಲಿ ನನ್ನ ವಯಸ್ಸಿನವಳು. ಕ್ವಾರಿಯ ಕೆಂಪು ಕಲ್ಲಿನ ಚೂರುಗಳನ್ನು ತಿಕ್ಕಿ ತಿಕ್ಕಿ ನುಣುಪು ಮಾಡಿ ತರುತ್ತಿದ್ದಳು. ನಮ್ಮ ಕಟ್ಟೆಯ ಮೇಲೆ ಹರಳಾಟಕ್ಕೆ ಕುಳಿತರೆ ಅವಳನ್ನು ಸೋಲಿಸುವುದು ಯಾರಿಂದಲೂ ಆಗುತ್ತಿರಲಿಲ್ಲ. ಅವ್ವ ಬಿಸಿರೊಟ್ಟಿಗೆ ಗುರೆಳ್ಳಿನ ಚಟ್ನಿಪುಡಿ, ಎಣ್ಣೆ ಸವರಿ, ಸುರುಳಿ ಸುತ್ತಿ ಇಬ್ಬರ ಕೈಗೂ ಕೊಡುತ್ತಿದ್ದಳು.

"ಊರು ಯಾಕ ಬಿಟ್ರವಾ ನೀವು?" ಎಂದು ಅವ್ವ ಒಮ್ಮೆ ಸುಕ್ಮತಿಯನ್ನು ಕೇಳಿದ್ದಳು.

"ಹಗಲ ಪೊಲೀಸ್ ಬರ್ತಾನ. ರಾತ್ರಿ ಕಾಡಿನವ್ರು ಬರ್ತಾನ. ಇಬ್ರಿಗೂ ಬಂದೂಕ ಐತಿ ಅಕ್ಕಾ. ನಮಗ ಇಲ್ಲ" ಎಂದಳು ಸುಕ್ಮತಿ, ಆಗಿನ್ನೂ ಕಲಿಯುತ್ತಿದ್ದ ಕನ್ನಡದಲ್ಲಿ.

ಈ ಮಾತು ಓಣಿಯಲ್ಲಿ ಬಾಯಿಂದ ಬಾಯಿಗೆ ಹೋಗುವಷ್ಟರಲ್ಲಿ ಅವರು 'ನಕ್ಸಲರ ಕಡೆಯವರು' ಆಗಿಬಿಟ್ಟಿದ್ದರು.

ಆ ವರ್ಷ ನವರಾತ್ರಿಯ ಹೊತ್ತಿಗೆ ಕ್ವಾರಿಯಲ್ಲಿ ಬಂಡೆ ಸಿಡಿಸುವ ಮದ್ದಿನ ಪೆಟ್ಟಿಗೆಯೊಂದು ಕಾಣೆಯಾಯಿತು. ಚಹಾದಂಗಡಿಯಲ್ಲಿ ಅದೇ ಮಾತು. ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ಗೆಳೆಯರೊಂದಿಗೆ ಅಲ್ಲಿದ್ದ.

"ಮದ್ದು ಮತ್ತ್ಯಾರು ಒಯ್ದಿರ್ತಾರಲೇ, ನಿಮ್ಮತ್ತಿ ಒಯ್ದಿರ್ತಾಳೇನು? ಅಂವಾ ಕಾಡಿನಾಂವ ಅದಾನ ನೋಡು" ಎಂದು ಒಬ್ಬ ನಗಿಸಿದ. ಅದೇ ಹೊತ್ತಿಗೆ ಬುಧರಾಮ ಚಹಾಕ್ಕೆಂದು ಬಂದ. ನಗುತ್ತಿದ್ದವರೇ ಎದ್ದು ಹೊಡೆದರು. ಕಾಕಾ ಕಟ್ಟಿಗೆ ಎತ್ತಿದಾಗ ಬುಧರಾಮ ಬಲಗೈ ಅಡ್ಡ ಹಿಡಿದನಂತೆ. ಮಣಿಕಟ್ಟು ಮುರಿಯಿತು.

ಮರುದಿನ ಪೆಟ್ಟಿಗೆ ಸಿಕ್ಕಿತು. ಕೂಲಿಯವರ ಮೇಸ್ತ್ರಿ ಮುಕಾದಮನೇ ಅದನ್ನು ಇನ್ನೊಂದು ಗುಡ್ಡದ ಕೆಲಸಕ್ಕೆ ಒಯ್ದು, ಹೇಳುವುದನ್ನು ಮರೆತಿದ್ದ. ಆ ದಿನ ಊಟಕ್ಕೆ ಕುಳಿತ ಕಾಕಾ ತಾಟಿನಿಂದ ತಲೆ ಎತ್ತಲಿಲ್ಲ.

ನಮ್ಮ ಅಜ್ಜ ಓಣಿಯ ಹಿರಿಯ. ದಾಯಾದಿಗಳ ಜಗಳವಿರಲಿ, ಎರಡು ಓಣಿಗಳ ನಡುವೆ ಕಲ್ಲು ತೂರಾಡಿದ ಜಗಳವಿರಲಿ, ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿಸದೆ ಬಗೆಹರಿಸಿದವನು. ನಮಗೆಲ್ಲ ಅದೊಂದು ಹೆಮ್ಮೆ. ಆತ ನಾಲ್ಕು ಜನರನ್ನು ಕೂಡಿಸಿ ಬುಧರಾಮನನ್ನು ಕರೆಸಿದ.

"ತಮ್ಮಾ, ಹುಡುಗ್ರು ಬುದ್ಧಿಗೇಡಿತನ ಮಾಡ್ಯಾರ. ದವಾಖಾನಿದು ನಾವು ನೋಡ್ಕೊತೇವಿ. ಕೇಸ್ ಬ್ಯಾಡ. ಹಬ್ಬ ಬಂದೈತಿ, ಬನ್ನಿ ಕೊಟ್ಟು ತಗೊಂಡು ಮುಗಿಸಿಬಿಡೂಣು."

"ಕೇಸ್ ಅಂದ್ರ ಮತ್ತ ಶೆಡ್ಡಿನ ವಿಚಾರಾನೂ ಮಾಡಬೇಕಾಕ್ಕೈತಿ ನೋಡಪಾ" ಎಂದು ಶೆಡ್ಡಿನ ಮಾಲೀಕ ನಗುತ್ತಲೇ ಸೇರಿಸಿದ.

ಬುಧರಾಮ ಹೆಂಡತಿಯ ಕಡೆ ನೋಡಿದ. ಹಿಂದಕ್ಕೆ ಹೋಗಲು ಅವರಿಗೆ ಊರಿರಲಿಲ್ಲ. ಆಗಲಿ ಎಂದು ತಲೆಯಾಡಿಸಿದ.

ವಿಜಯದಶಮಿಯ ಸಂಜೆ ಬನ್ನಿ ಎಲೆ ಕೊಟ್ಟು, ಬಂಗಾರದಂಗ ಇರೂಣು ಎಂದು ಹೇಳಿ, ಹಿರಿಯರ ಕಾಲು ಮುಟ್ಟುವುದು ನಮ್ಮ ಕಡೆಯ ಪದ್ಧತಿ. ವರ್ಷಗಟ್ಟಲೆ ಮಾತು ಬಿಟ್ಟವರೂ ಅಂದು ಮಾತಾಡುತ್ತಾರೆ. ಹಿರಿಯರ ಮನೆಗೆ ಕಿರಿಯರು ಹೋಗಬೇಕು. ಹೀಗಾಗಿ ಪೆಟ್ಟು ತಿಂದ ಬುಧರಾಮನೇ, ಹೊಡೆದವನ ಮನೆಗೆ, ನಮ್ಮ ಮನೆಗೆ ಬರುವುದೆಂದು ಠರಾವಾಯಿತು. ಅದು ತಿರುವುಮುರುವಾಗಿದೆ ಎಂದು ಯಾರಿಗೂ ಅನ್ನಿಸಲಿಲ್ಲ.

ಬಂದ. ಪಡಸಾಲೆ ತುಂಬ ಜನ. ಒಳಗಿಂದ ಶೇಂಗಾ ಹೋಳಿಗೆಯ ವಾಸನೆ. ಬಲಗೈ ಪ್ಲಾಸ್ಟರಿನಲ್ಲಿ, ಕೊರಳಿಗೆ ಕಟ್ಟಿದ ಸುಕ್ಮತಿಯ ಹಳೆ ಸೀರೆಯ ತುಂಡಿನಲ್ಲಿ ತೂಗುತ್ತಿತ್ತು. ಬಾಗಿ, ಎಡಗೈಯಿಂದ ಬನ್ನಿ ಎಲೆ ಚಾಚಿದ.

"ಎಡಗೈಲೆ ಅಲ್ಲಪಾ. ಬಲಗೈಲೆ ಕೊಡು" ಎಂದ ಅಜ್ಜ.

ನಮಗೆ ಮಕ್ಕಳಿಗೆ ಹೇಳಿ ಹೇಳಿ ರೂಢಿಯಾದ ಮಾತು, ಬಾಯಿಂದ ಬಂದುಬಿಟ್ಟಿತು. ತಪ್ಪಾಯಿತೆಂದು ಅಜ್ಜನಿಗೂ ತಿಳಿಯಿತು, ಮುಖದಲ್ಲೇ ಕಾಣುತ್ತಿತ್ತು. ಆದರೆ ಅಷ್ಟು ಜನರೆದುರು ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳುವುದು ಆತನಿಗೆ ಗೊತ್ತಿರಲಿಲ್ಲ. ಇರಲಿ ಬಿಡ್ರಿ ಎಂದು ಉಳಿದವರಾದರೂ ಅನ್ನಬಹುದಿತ್ತು. ಅನ್ನಲಿಲ್ಲ. ಬುಧರಾಮ ಬಟ್ಟೆಯೊಳಗಿಂದ ಬಲಗೈ ಹೊರತೆಗೆದ. ಬಾತ ಬೆರಳುಗಳ ನಡುವೆ ಮಂಗಲಿ ಎಲೆ ಸಿಕ್ಕಿಸಿದಳು. ಹಲ್ಲು ಕಚ್ಚಿಕೊಂಡು ಕೊಟ್ಟ. ಅಜ್ಜ ತೆಗೆದುಕೊಂಡ.

"ಮುಗೀತಲ್ರೀ! ಹೋಳಗಿ ತರ್ರಿ" ಎಂದರು ಯಾರೋ.

ಹಿತ್ತಲಲ್ಲಿ ಅವ್ವ ಸುಕ್ಮತಿಗೆ ಹೋಳಿಗೆ ಕೊಡಹೋದಳು. ಆಕೆ ಮುಟ್ಟಲಿಲ್ಲ.

"ಅಕ್ಕಾ, ನನ್ನ ಅಣ್ಣನ್ನ ಕಾಡಿನವ್ರು ಕೊಂದ್ರು. ಮನಿ ತೋರಿಸಿದಾಂವ ನಮ್ಮೂರಾಂವನ. ಅವನ ಅವ್ವ, ಅಪ್ಪ, ಅವನೂ ನಮ್ಮ ಬಾಗಲಕ್ಕ ಬಂದು ಕುಂತ್ರು. ನೀರು ಕೇಳಿದ್ರು. ನಮ್ಮವ್ವ ಕೊಡಲಿಲ್ಲ. ನಾಳಿ ಮತ್ತ ಬಂದ್ರು. ಮಳಿಯಾಗೂ ಬಂದ್ರು. ಒಂದಿನ ಕೊಟ್ಳು. ನೀರು ಕೊಟ್ರ ಮಾಫಿ ಕೊಟ್ಟಂಗ. ನಮ್ಮೂರಾಗ ಹೆಂಗಸ್ರು ಹಿಂಗ ಮಾಡಿ ಭಾಳ ಮನಿ ಕೂಡಿಸಿದ್ರು. ಬಂದೂಕಿನವ್ರು ಕೂಡಲಿಲ್ಲ, ಅದು ಬ್ಯಾರೆ. ಖರೆ, ತಪ್ಪು ಮಾಡಿದವ್ರು ಬರ್ತಾರ ಅಕ್ಕಾ. ಪೆಟ್ಟು ತಿಂದವ್ರು ಹೋಗೂದಿಲ್ಲ."

ಆ ರಾತ್ರಿ ಅವ್ವ ಇದನ್ನು ಅಜ್ಜನಿಗೆ ಹೇಳಿದಳು. ಮೂಲೆಯಲ್ಲಿ ಕುಳಿತಿದ್ದ ಕಾಕಾ, "ನಾ ಹೋಗ್ತೇನಿ ಅಪ್ಪಾ" ಎಂದು ಎದ್ದ.

"ಸುಮ್ನ ಕುಂದ್ರಲೇ. ನಾಲ್ಕು ಮಂದ್ಯಾಗ ಮುಗದೈತಿ, ಕೆದರಬ್ಯಾಡ. ಓಣಿ ಹಿರ್ಯಾನ ಮಗಾ ಹೋಗಿ ಶೆಡ್ಡಿನ ಮುಂದ ಕುಂತ್ರ ಮಂದಿ ಏನಂದಾರು?"

ಕಾಕಾ ಕುಳಿತ.

ಬೆಳಿಗ್ಗೆ ಅವ್ವ ನನ್ನನ್ನು ಕರೆದುಕೊಂಡು ತಾನೇ ಹೋದಳು. ಶೆಡ್ಡಿನ ಬಾಗಿಲ ಮುಂದೆ ನೆಲದ ಮೇಲೆ ಕುಳಿತು, "ಸುಕ್ಮತಿ, ಒಂದೀಟ ನೀರು ಕೊಡವಾ" ಎಂದಳು. ಸುಕ್ಮತಿ ಹೊರಗೆ ಬಂದು ಅವ್ವನ ಪಕ್ಕದಲ್ಲೇ ಕುಳಿತಳು. ಸಿಟ್ಟಿರಲಿಲ್ಲ.

"ನೀ ಹೊಡದಿಲ್ಲ ಅಕ್ಕಾ. ನಿನಗ ಹೆಂಗ ಕೊಡ್ಲಿ? ಹೊಡದವ್ರನ್ನ ಕಳಸು."

ಬಾಗಿಲಲ್ಲಿ ನಿಂತ ಮಂಗಲಿ ನನ್ನ ಕಡೆ ನೋಡಲಿಲ್ಲ.

ಯಾರೂ ಹೋಗಲಿಲ್ಲ. ಪ್ಲಾಸ್ಟರ್ ಬಿಚ್ಚಿದ ಮೇಲೂ ಬುಧರಾಮನ ಕೈಗೆ ಸುತ್ತಿಗೆ ಹಿಡಿಯುವ ಬಲ ಬರಲಿಲ್ಲ. ಜೋಳ ತೆನೆ ಬಿಡುವ ಹೊತ್ತಿಗೆ ಶೆಡ್ ಖಾಲಿಯಾಗಿತ್ತು. ಎಲ್ಲಿಗೆ ಹೋದರೆಂದು ವಿಚಾರಿಸುವ ಧೈರ್ಯವೂ ನಮಗಾಗಲಿಲ್ಲ.

ಈಗ ನಮ್ಮ ಕಡೆ ಎಲ್ಲೇ ಗದ್ದಲವಾದರೂ ಶಾಂತಿ ಸಭೆ ಕರೆಯುತ್ತಾರೆ. ಕುರ್ಚಿ, ಮೈಕು, ಚಹಾ. ಆಗ ಯಾರಾದರೊಬ್ಬರು ಎದ್ದು, ಪೊಲೀಸರಿಲ್ಲದೆ ಬನ್ನಿ ಕೊಡಿಸಿ ಜಗಳ ಮುಗಿಸಿದ ನಮ್ಮ ಅಜ್ಜನ ಹೆಸರೆತ್ತುತ್ತಾರೆ. ಎಲ್ಲರೂ ನನ್ನತ್ತ ತಿರುಗಿ ನಗುತ್ತಾರೆ. ನಾನು ನೆಲ ನೋಡುತ್ತೇನೆ. ಮುದುಕನಾಗಿರುವ ಕಾಕಾ ಅಂಥ ಸಭೆಗಳಿಗೆ ಬರುವುದಿಲ್ಲ. ಮೊನ್ನೆ ಒಮ್ಮೆ, "ಎಲ್ಲಿ ಅದಾರಂತ ಗೊತ್ತಿದ್ರ, ಈಗಾದ್ರೂ ಅವ್ರ ಬಾಗಲಕ್ಕ ಹೋಗಿ ಕುಂದರತಿದ್ನೆವಾ" ಎಂದ. ನಮ್ಮ ಮನೆಯಿಂದ ನಾಲ್ಕು ಹೆಜ್ಜೆಯಲ್ಲಿದ್ದ ಬಾಗಿಲದು. ಇಂದು ಅದು ಯಾವ ರಾಜ್ಯದ ಯಾವ ಊರಿನಲ್ಲಿದೆಯೋ, ಅಲ್ಲಿ ನಮಗೆ ನೀರು ಕೊಡಬೇಕಾದವರು ಇದ್ದಾರೋ ಇಲ್ಲವೋ, ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ.