ರಾಮರ್ ತಾತನೂ ಮೋಡ ನೋಡುವ ಉಪಗ್ರಹವೂ

ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಡವೇ? ಮನುಷ್ಯ ಮನುಷ್ಯನನ್ನು ಕಂಡು ಕರುಬುತ್ತಾನೆ, ಸರಿಯಪ್ಪಾ. ಈ ರಾಮರ್ ತಾತ ಕರುಬಿದ್ದು ಮೂವತ್ತಾರು ಸಾವಿರ ಕಿಲೋಮೀಟರ್ ಎತ್ತರದಲ್ಲಿ ತನ್ನ ಪಾಡಿಗೆ ತಾನಿದ್ದ ಒಂದು ಉಪಗ್ರಹವನ್ನು ಕಂಡು!

ತಮಿಳುನಾಡಿನ ಉತ್ತಮಪಾಳಯಂ ಪಕ್ಕದ ಆ ಊರಿನಲ್ಲಿ ದ್ರಾಕ್ಷಿ ಕೊಯ್ಲಿಗೆ ದಿನ ಹೇಳುತ್ತಿದ್ದವನು ಆತನೇ. ಮಾಗಿದ ದ್ರಾಕ್ಷಿಯ ಮೇಲೆ ಮಳೆ ಬಿದ್ದರೆ ಹಣ್ಣು ಬಿರಿದು ಕೊಳೆಯುತ್ತದೆ. ಅದಕ್ಕೇ ಊರಿನ ಕನ್ನಡದ ಮನೆಯವರೆಲ್ಲ ಎಲೆ ಅಡಿಕೆ ಹಿಡಿದು ಆತನ ಜಗಲಿಗೆ ಬರುತ್ತಿದ್ದರು. ತಾತ ಅಂಗಳಕ್ಕಿಳಿದು, ಪಡುವಣ ಬೆಟ್ಟ ದಿಟ್ಟಿಸಿ, ಗಾಳಿ ಮೂಸಿ ಹೇಳುತ್ತಿದ್ದ. ಮಾತು ತಪ್ಪಿದ್ದು ಕಡಿಮೆ.

ಆತನೇನೂ ವಿಜ್ಞಾನದ ವೈರಿಯಲ್ಲ. ಹರೆಯದಲ್ಲಿ ಎರಡು ರೂಪಾಯಿ ನೋಟಿನ ಮೇಲೆ ಆರ್ಯಭಟ ಉಪಗ್ರಹದ ಚಿತ್ರ ಬಂದಾಗ ಕಂಡವರಿಗೆಲ್ಲ ತೋರಿಸಿ ಬೀಗಿದವನು. ಚಂದ್ರಯಾನ ಇಳಿದ ಸಂಜೆ ಪಟಾಕಿ ಹೊಡೆದವನು. ದೂರದಲ್ಲಿರುವ ತನಕ ಎಲ್ಲವೂ ಚೆಂದ! ತಮ್ಮನ ಮೊಮ್ಮಗಳು ಕಾರ್ತಿಕಾ ಕೃಷಿ ಕಾಲೇಜು ಮುಗಿಸಿ ಬಂದು, ಉಪಗ್ರಹ ಅರ್ಧ ಗಂಟೆಗೊಮ್ಮೆ ಕಳಿಸುವ ಮೋಡದ ಚಿತ್ರವನ್ನು ಫೋನಿನಲ್ಲಿ ತೋರಿಸತೊಡಗಿದಳು ನೋಡಿ, ಎಲೆ ಅಡಿಕೆ ಅವಳ ಮನೆಯ ದಾರಿ ಹಿಡಿಯಿತು. ಜಗಿಯಲೂ ಬಾರದ ಹುಡುಗಿಗೆ ವೀಳ್ಯ! ತಾತನಿಗೆ ಮೈಯೆಲ್ಲ ಉರಿದುಹೋಯಿತು.

ಈ ಸಲ ಆತನ ದ್ರಾಕ್ಷಿ ಚಪ್ಪರವೂ ಮಾಗಿ ತೂಗುತ್ತಿತ್ತು. ಹೆಂಡತಿ ಪಿಚ್ಚೈಯಮ್ಮಾಳ್ ಬಳ್ಳಿ ಕಟ್ಟಿ, ಕೂಸು ಸಾಕಿದ ಹಾಗೆ ಸಾಕಿದ ಹಣ್ಣು. ಒಂದು ಬೆಳಿಗ್ಗೆ ತಾತ ಜಗಲಿಯ ಮೇಲೆ ಕೂತು, ಕಾರ್ತಿಕಾಳ ಬಾಗಿಲಿಗೆ ಯಾರ‍್ಯಾರು ಹೋಗುತ್ತಾರೆಂದು ನೋಡುತ್ತಿದ್ದ. ಹುಡುಗಿ ತಾನೇ ಓಡಿಬಂದಳು.

“ತಾತಾ, ಕೇರಳದ ಕಡೆ ಮೋಡ ದಟ್ಟವಾಗಿ ಕೂತೈತೆ. ಮದ್ಯಾನಕ್ಕೆ ಬೆಟ್ಟ ದಾಟಿ ಬತ್ತದೆ. ಎಲ್ಲಾರೂ ಕುಯ್ತಾವ್ರೆ, ನೀವೂ ಕುಯ್ಸಿಬಿಡಿ.”

“ಬೆಟ್ಟದ ಹಿಂದಿರೋದು ನಿಂಗೆಂಗೆ ಕಾಣ್ತದೆ?”

“ನಂಗಲ್ಲ ತಾತಾ, ಸ್ಯಾಟಲೈಟ್‌ಗೆ. ಮೇಲಿಂದ ನೋಡಕ್ಕೆ ಬೆಟ್ಟ ಅಡ್ಡ ಬರಲ್ವಲ್ಲ. ಪುಯಲ್ ಬಿರುಗಾಳಿ ಬಂದ್ರೆ ಕಡಲೋರದ ಮಂದೀನ ಮುಂಚೇನೇ ಎಬ್ಬಿಸಿ ಕಳ್ಸೋದೂ ಇದರಿಂದ್ಲೇ.”

ಮಾತು ಮುಳ್ಳಿನಂತೆ ಚುಚ್ಚಿತು. ಬೆಟ್ಟದ ಹಿಂದಿನ ಮೋಡವನ್ನು ತಾತ ಜೀವಮಾನವಿಡೀ ಊಹಿಸಿದ್ದನೇ ಹೊರತು ಕಂಡಿರಲಿಲ್ಲ.

“ಇವತ್ತು ಮಳೆ ಇಲ್ಲ. ಹೋಗ್ ಹೋಗ್!”

ಪಿಚ್ಚೈಯಮ್ಮಾಳ್ ಕತ್ತರಿ ಹಿಡಿದು ಬಂದು ಅಂಗಲಾಚಿದಳು. “ಒಂದು ಗೊಂಚಲು ಮುಟ್ಟಿದ್ರೆ ನೋಡು!” ಎಂದು ಗದರಿದ. ಅವಳು ಕತ್ತರಿಯನ್ನು ಸೂರಿಗೆ ಸಿಕ್ಕಿಸಿ ಒಳಗೆ ಹೋದಳು.

ಊಟದ ಹೊತ್ತಿಗೆ ಸುರಿಯಿತು ನೋಡಿ, ಧೋ ಎಂದು! ಅಷ್ಟರಲ್ಲಿ ಊರವರ ಹಣ್ಣೆಲ್ಲ ವ್ಯಾನ್ ಹತ್ತಿ ಹೋಗಿತ್ತು. ನೆನೆದದ್ದು ತಾತನದೊಂದೇ.

ಮಾರನೆಯ ದಿನ ಗಂಡ ಹೆಂಡತಿ ತೋಟಕ್ಕೆ ಹೋದರು. ಗೊಂಚಲು ಗೊಂಚಲೇ ಬಿರಿದು, ರಸ ಸೋರಿ, ನೊಣ ಮುತ್ತಿತ್ತು.

“ಒಂದ್ಸಲ ನನ್ನ ಲೆಕ್ಕ ತಪ್ತು. ಆ ಸ್ಯಾಟಲೈಟ್ ಮುಂದೆ ಸೋತೆ ಕಣೇ” ಎಂದ ತಾತ.

ಪಿಚ್ಚೈಯಮ್ಮಾಳ್ ಬಿರಿದ ಗೊಂಚಲನ್ನು ಅಂಗೈಯಲ್ಲಿ ಹಿಡಿದೇ ಹೇಳಿದಳು:

“ನೀವು ಲೆಕ್ಕ ಎಲ್ಲಿ ಹಾಕಿದ್ರಿ? ನಿನ್ನೆ ಬೆಳಿಗ್ಗೆ ನೀರಿಗೆ ಹೋದಾಗ ಬೆಟ್ಟ ಕರ‍್ರಗಿದ್ದದ್ದು ನಂಗೇ ಕಾಣ್ಸ್ತು. ಒಂದ್ಸಲ ಕತ್ತೆತ್ತಿದ್ರೆ ನೀವೂ ಮಳೆ ಅಂತಲೇ ಅಂತಿದ್ರಿ. ನೀವು ಆಕಾಸ ನೋಡ್ಲೇ ಇಲ್ಲ. ಆ ಕೂಸಿನ ಬಾಗ್ಲು ನೋಡ್ತಾ ಕೂತಿದ್ರಿ.”